ಕೆಸರು ಜ್ವಾಲಾಮುಖಿ ಉಗುಳಿದ್ದನ್ನು ಓದಿ ತೈಲದ ಅಂದಾಜು ಮಾಡುವುದು ಹೇಗೆ

ಭೂಮಿ ತನ್ನ ಹೊಟ್ಟೆಯೊಳಗಿನ ಮಾದರಿಯನ್ನು ತಾನಾಗಿಯೇ ಮೇಲಕ್ಕೆ ತಂದು ಇಡುವ ಜಾಗಗಳು ಬಹಳ ಕಡಿಮೆ. ಆಳದ ಒತ್ತಡಕ್ಕೆ ಲಾವಾ ಅಲ್ಲ, ಕೆಸರು, ನೀರು, ಅನಿಲ ಉಕ್ಕಿ ಬರುವ ಬಾಯಿ, ಅಂದರೆ ಕೆಸರು ಜ್ವಾಲಾಮುಖಿ, ಅಂಥದ್ದೊಂದು. ಐದಾರು ಕಿಲೋಮೀಟರ್ ಆಳದ ಬಾವಿ ಕೊರೆಯಲು ಕೋಟಿಗಟ್ಟಲೆ ಡಾಲರ್ ಸುರಿಯಬೇಕು. ಇಲ್ಲಿ ಸುತ್ತಿಗೆ, ಬಾಟಲಿ, ಅಲ್ಯೂಮಿನಿಯಮ್ ಹಾಳೆ ಹಿಡಿದು ಹೋದರೆ ಆಳದ ಕಲ್ಲು, ನೀರು, ಅನಿಲ, ಕೆಲವೊಮ್ಮೆ ಎಣ್ಣೆಯೂ ಕೈಗೆ ಸಿಗುತ್ತದೆ. ನಾನು ಪೆಟ್ರೋಲಿಯಮ್ ಭೂರಸಾಯನದ ಕೆಲಸಕ್ಕೆಂದು ಅಜರ್‌ಬೈಜಾನಿನಲ್ಲಿ ನೆಲೆಸಿದವನು. ಧಾರವಾಡದಲ್ಲಿ ಓದುವಾಗ ಕೈಗೆ ಬಂದ ಕಲ್ಲುಗಳೆಲ್ಲ 250 ಕೋಟಿ ವರ್ಷಕ್ಕೂ ಹಳೆಯ ಷಿಸ್ಟ್ ಮತ್ತು ನೈಸ್. ಅವುಗಳಲ್ಲಿ ಎಣ್ಣೆಯ ಮಾತೇ ಇಲ್ಲ. ಹಾಗಾಗಿ ನಮ್ಮ ಕಡೆಯಿಂದ ತೈಲ ಶೋಧನೆಗೆ ಬರುವ ಹುಡುಗ ಹುಡುಗಿಯರಿಗೆ ಗಟ್ಟಿ ಕಲ್ಲು ಗೊತ್ತಿರುತ್ತದೆ, ಕೆಸರು ಗೊತ್ತಿರುವುದಿಲ್ಲ. ಈ ಬರಹ ಅವರಿಗಾಗಿ.

ಎಲ್ಲಕ್ಕಿಂತ ಮುಖ್ಯವಾದುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದೇ ಬಾಯಿಂದ ಹೊರಬಂದವು ಎಂದ ಮಾತ್ರಕ್ಕೆ ಕಲ್ಲು, ನೀರು, ಅನಿಲ, ಎಣ್ಣೆ ನಾಲ್ಕೂ ಒಂದೇ ಆಳದವು ಎಂದು ತಿಳಿಯಬೇಡಿ. ಮಳೆಗಾಲದ ಹೊಳೆ ಘಟ್ಟದ ಮರದ ಬೊಡ್ಡೆಯನ್ನೂ ಪಕ್ಕದ ಗದ್ದೆಯ ಹುಲ್ಲನ್ನೂ ಒಟ್ಟಿಗೆ ಹೊತ್ತು ತರುವಂತೆ ಕೆಸರು ಮೇಲೇರುತ್ತದೆ. ಅನಿಲ ಬಹಳ ಕೆಳಗಿನದು. ನೀರು ಅದಕ್ಕಿಂತ ಮೇಲಿನ ಜೇಡಿಯಿಂದ ಹಿಂಡಿ ಬಂದದ್ದು. ಎಣ್ಣೆ ನಡುವೆ ಎಲ್ಲೋ ಮರಳುಗಲ್ಲಿನಲ್ಲಿ ನಿಂತು ಆಮೇಲೆ ಹೊರಟದ್ದು. ಕಲ್ಲಿನ ತುಂಡು ದಾರಿಯ ಗೋಡೆಯಿಂದ ಕಿತ್ತುಕೊಂಡು ಬಂದದ್ದು. ಒಂದೊಂದರ ವಿಳಾಸವನ್ನೂ ಬೇರೆಬೇರೆಯಾಗಿ ಪತ್ತೆ ಮಾಡಬೇಕು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವುದು ಅದಾದ ಮೇಲಿನ ಕೆಲಸ.

ಕೊಳ್ಳದ ಪರಿಚಯ

ದಕ್ಷಿಣ ಕ್ಯಾಸ್ಪಿಯನ್ ಕೊಳ್ಳದಲ್ಲಿ ಪದರುಶಿಲೆಗಳ ದಪ್ಪ 20 ಕಿಲೋಮೀಟರ್ ಮೀರುತ್ತದೆ. ಅದರಲ್ಲಿ ಬಹುಪಾಲು ಬಹಳ ಬೇಗ ಬೇಗ ಬಂದು ಬಿದ್ದದ್ದು. ಜೇಡಿಯೊಳಗಿನ ನೀರಿಗೆ ಹೊರಹೋಗಲು ಸಮಯ ಸಿಗದೆ ಒತ್ತಡ ಕಟ್ಟಿಕೊಂಡಿದೆ, ಅದರ ಜೊತೆಗೆ ಅನಿಲ ಸೇರಿದೆ, ಬಾಗಿದ ಪದರಗಳ ನೆತ್ತಿಯಲ್ಲಿ ಬಿರುಕು ಸಿಕ್ಕಲ್ಲೆಲ್ಲ ಕೆಸರು ನುಗ್ಗಿದೆ. ನೆಲದ ಮೇಲೂ ಸಮುದ್ರದ ತಳದಲ್ಲೂ ಸೇರಿ ಅಜರ್‌ಬೈಜಾನ್ ಸುತ್ತಮುತ್ತ ಇಂಥ ಜ್ವಾಲಾಮುಖಿಗಳು 300ಕ್ಕೂ ಹೆಚ್ಚಿವೆ. ಒತ್ತಡಕ್ಕೂ ತೈಲಕ್ಕೂ ಮುಖ್ಯ ತವರು ಮೈಕೋಪ್ ಶ್ರೇಣಿ. ಇದು ಸುಮಾರು 3.4 ಕೋಟಿಯಿಂದ 1.6 ಕೋಟಿ ವರ್ಷಗಳ ಹಿಂದೆ, ಉಸಿರಾಡಲು ಆಮ್ಲಜನಕವಿಲ್ಲದ ಸಮುದ್ರತಳದಲ್ಲಿ ಕೂತ ಕಪ್ಪು-ಕಂದು ಜೇಡಿಶಿಲೆ. ಅದರ ಮೇಲಿನ ಡಯಾಟಮ್ ಶ್ರೇಣಿಯೂ ಮೂಲಶಿಲೆಯೇ, ಅಂದರೆ ಎಣ್ಣೆ ಹುಟ್ಟುವ ಕಲ್ಲೇ. ತೈಲ ಸಂಗ್ರಹವಾಗಿರುವುದು ಮಾತ್ರ ಇನ್ನೂ ಮೇಲೆ, ಸುಮಾರು 50 ಲಕ್ಷ ವರ್ಷಗಳಿಂದೀಚಿನ ಮರಳುಗಲ್ಲುಗಳಲ್ಲಿ. ನಮ್ಮ ಒ.ಎನ್.ಜಿ.ಸಿ. ವಿದೇಶ್ 2013ರಲ್ಲಿ ಸಣ್ಣ ಪಾಲು ಕೊಂಡ ಅಜೆರಿ-ಚಿರಾಗ್-ಗುನೆಶ್ಲಿ ಕ್ಷೇತ್ರದ ತೈಲವೂ ಇದೇ ಮರಳುಗಲ್ಲಿನದು.

ನೆನಪಿಡಬೇಕಾದ ಇನ್ನೊಂದು ಅಂಕಿ: ಈ ಕೊಳ್ಳ ತಣ್ಣಗಿದೆ. ಬೇರೆ ಕಡೆ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಬಿಸಿ ಏರಿದರೆ ಇಲ್ಲಿ ಸುಮಾರು 15ರಿಂದ 18 ಡಿಗ್ರಿ ಮಾತ್ರ. ಮುಂದಿನ ಲೆಕ್ಕವೆಲ್ಲ ಈ ಅಂಕಿಯ ಮೇಲೆ ನಿಂತಿದೆ.

ಕಲ್ಲನ್ನು ಆರಿಸುವುದು

ರಾಜಧಾನಿ ಬಾಕುವಿನಿಂದ ದಕ್ಷಿಣಕ್ಕೆ ಗೊಬುಸ್ತಾನ್ ದಾಟಿ ಅಲಾತ್ ಕಡೆಗೆ ಹೋದರೆ ದಾಶ್‌ಗಿಲ್ ಸಿಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಆಳುದ್ದದ ಶಂಕುಗಳು, ಬುಳುಬುಳು ಎನ್ನುವ ಕೆಸರಿನ ಹೊಂಡಗಳು, ಹಳೆಯ ಸ್ಫೋಟದ ಹರಿವು ಎಲ್ಲವೂ ಒಂದೇ ಗುಡ್ಡದ ಮೇಲಿವೆ. ಆದರೆ ಕಲ್ಲಿನ ತುಂಡು ಬೇಕಿದ್ದರೆ ಬುಳುಬುಳು ಎನ್ನುವ ಶಂಕುವಿನ ಹತ್ತಿರ ಹೋಗಿ ಪ್ರಯೋಜನವಿಲ್ಲ. ಅಲ್ಲಿ ಬರುವುದು ನುಣ್ಣನೆಯ ಕೆಸರು ಮಾತ್ರ. ಕಲ್ಲು ಹೊರಬರುವುದು ದೊಡ್ಡ ಸ್ಫೋಟದಲ್ಲಿ. ಹಾಗಾಗಿ ತೀರಾ ಇತ್ತೀಚಿನ ಹರಿವು ಎಲ್ಲಿದೆ ಎಂದು ಮೊದಲು ಉಪಗ್ರಹ ಚಿತ್ರದಲ್ಲಿ ನೋಡಿಕೊಳ್ಳಿ. ಹೊಸ ಹರಿವು ಕಡು ಬೂದು ಬಣ್ಣದ್ದು, ಮೇಲೆ ಹುಲ್ಲಿರುವುದಿಲ್ಲ.

ಲೋಕ್‌ಬಾತಾನ್‌ನಂಥ ಕಡೆ ಇನ್ನೊಂದು ಎಚ್ಚರ ಬೇಕು. 2001ರ ಅಕ್ಟೋಬರಿನಲ್ಲಿ ಅದು ಸಿಡಿದಾಗ ಅನಿಲಕ್ಕೆ ಬೆಂಕಿ ಹತ್ತಿ ಜ್ವಾಲೆ ಮುಗಿಲೆತ್ತರ ಎದ್ದಿತ್ತು. ಅಂಥ ಬಾಯಿಯ ಸುತ್ತಲಿನ ಜೇಡಿ ಸುಟ್ಟು ಇಟ್ಟಿಗೆಯ ಕೆಂಪಾಗಿರುತ್ತದೆ. ನೋಡಲು ಚೆನ್ನಾಗಿದೆ ಎಂದು ಅದನ್ನು ಚೀಲಕ್ಕೆ ಹಾಕಬೇಡಿ. ಅದರಲ್ಲಿದ್ದ ಸಾವಯವ ಇಂಗಾಲ ಉರಿದುಹೋಗಿದೆ, ಪ್ರಯೋಗಾಲಯ ನಿಮಗೆ ಬರೀ ಸೊನ್ನೆ ಕಳುಹಿಸುತ್ತದೆ.

ಮುಷ್ಟಿಗಿಂತ ದೊಡ್ಡ ತುಂಡುಗಳನ್ನೇ ಆರಿಸಿ. ಚಿಕ್ಕದರೊಳಗೆ ಮಳೆನೀರು, ಗಾಳಿ ಪೂರ್ತಿ ಇಳಿದಿರುತ್ತವೆ. ಮೈಕೋಪ್ ಜೇಡಿಶಿಲೆಯನ್ನು ಗುರುತಿಸುವುದು ಅಭ್ಯಾಸದಿಂದ ಬರುತ್ತದೆ: ಕಂದು ಬಣ್ಣ, ಸುತ್ತಿಗೆಯ ಸಣ್ಣ ಏಟಿಗೆ ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುತ್ತದೆ, ಹಾಳೆಯ ಮೇಲೆ ಮೀನಿನ ಹುರುಪೆ ಮಿನುಗುತ್ತದೆ, ಬಿರುಕುಗಳಲ್ಲಿ ಹಳದಿ ಪುಡಿ. ಆ ಹಳದಿ ಜಾರೊಸೈಟ್. ಕಲ್ಲಿನೊಳಗಿದ್ದ ಪೈರೈಟ್ ಗಾಳಿಗೆ ಹಾಳಾಗಿದೆ ಎಂಬುದರ ಗುರುತು. ಹಳದಿ ಪುಡಿ ಒಳಗಿನವರೆಗೂ ಇದ್ದರೆ ಆ ತುಂಡನ್ನು ಬಿಡಿ. ಹೊರಸಿಪ್ಪೆಯಲ್ಲಷ್ಟೇ ಇದ್ದರೆ ಕೆತ್ತಿ ತೆಗೆದು ಒಳತಿರುಳನ್ನು ತೆಗೆದುಕೊಳ್ಳಿ. ಹೊಸದಾಗಿ ಒಡೆದ ಮುಖವನ್ನು ಮೂಗಿನ ಹತ್ತಿರ ಹಿಡಿಯಿರಿ. ಸೀಮೆಎಣ್ಣೆಯ ವಾಸನೆ ಬಂದರೆ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಿ. ಅದು ಕಲ್ಲಿನದೇ ಎಣ್ಣೆಯೋ ಹೊರಗಿನಿಂದ ನೆನೆದದ್ದೋ ಎಂಬುದು ಆಮೇಲಿನ ಪ್ರಶ್ನೆ.

ನನ್ನ ಜೊತೆ ಕ್ಷೇತ್ರಕ್ಕೆ ಬರುತ್ತಿದ್ದ ಹಿರಿಯ ಭೂವಿಜ್ಞಾನಿಯೊಬ್ಬರನ್ನು ಅಲ್ಲಿನ ವಾಡಿಕೆಯಂತೆ ನಾವೆಲ್ಲ ‘ಮುಅಲ್ಲಿಮ್’, ಅಂದರೆ ಮೇಷ್ಟ್ರು, ಎಂದೇ ಕರೆಯುತ್ತಿದ್ದೆವು. ಅವರು ಟಾರ್ಪಾಲು ಹಾಸಿ, ಆರಿಸಿದ ತುಂಡುಗಳನ್ನೆಲ್ಲ ಜಾತಿವಾರು ಸಾಲಾಗಿ ಇಡಿಸುತ್ತಿದ್ದರು: ಮರಳುಗಲ್ಲು, ಸುಣ್ಣಗಲ್ಲು, ಹಸಿರು ಜೇಡಿ, ಕಂದು ಹಾಳೆಯ ಜೇಡಿ. ಒಂದು ಸಾಲಿನಿಂದ ಎರಡು ಮೂರು ತುಂಡು ಮಾತ್ರ ಚೀಲಕ್ಕೆ. ಈ ಪದ್ಧತಿಯನ್ನು ನೀವೂ ಇಟ್ಟುಕೊಳ್ಳಿ. ಇಲ್ಲದಿದ್ದರೆ ಕಣ್ಣು ಕಪ್ಪು ಕಲ್ಲಿನ ಮೇಲೆಯೇ ಹೋಗುತ್ತದೆ, ವರದಿಯಲ್ಲಿ ಇಡೀ ಕೊಳ್ಳವೇ ಶ್ರೀಮಂತ ಮೂಲಶಿಲೆಯಿಂದ ತುಂಬಿದಂತೆ ಕಾಣುತ್ತದೆ. ಪ್ರತಿ ತುಂಡಿನಿಂದಲೂ ಒಂದು ಚೂರನ್ನು ಸೂಕ್ಷ್ಮ ಪಳೆಯುಳಿಕೆ ನೋಡುವವರಿಗೆ ಎತ್ತಿಡಿ. ವಯಸ್ಸು ಗೊತ್ತಿಲ್ಲದ ಕಲ್ಲಿನ ರಸಾಯನ ಯಾವ ಕೆಲಸಕ್ಕೂ ಬಾರದು.

ಮಾದರಿಯನ್ನು ಸುತ್ತಲು ಅಲ್ಯೂಮಿನಿಯಮ್ ಹಾಳೆಯೇ ಆಗಬೇಕು. ಪ್ಲಾಸ್ಟಿಕ್ ಚೀಲದ ಥಾಲೇಟ್‌ಗಳು ಕಲ್ಲಿಗೆ ಅಂಟಿ ಜೈವಿಕ ಗುರುತಿನ ಅಣುಗಳ (ಯಾವ ಜೀವಿಗಳಿಂದ ಬಂದದ್ದೆಂದು ಹೇಳುವ ಅಣುಗಳ) ಪರೀಕ್ಷೆಯನ್ನೇ ಕೆಡಿಸುತ್ತವೆ. ಕೈಗೆ ಬಿಸಿಲಿನ ಕ್ರೀಮ್ ಹಚ್ಚಿಕೊಂಡಿದ್ದರೂ ಅದೇ ತೊಂದರೆ.

ಅನಿಲ, ನೀರು, ಎಣ್ಣೆ

ಅನಿಲಕ್ಕೆ ಗಾಜಿನ ಬಾಟಲಿ, ದಪ್ಪ ಬ್ಯೂಟೈಲ್ ರಬ್ಬರ್ ಮುಚ್ಚಳ, ಒಂದು ಆಲಿಕೆ ಸಾಕು. ಬಾಟಲಿಯ ತುಂಬ ಉಪ್ಪು ಕರಗುವಷ್ಟೂ ಕರಗಿಸಿದ ನೀರು ತುಂಬಿ, ಹೊಂಡದಲ್ಲಿ ಬೋರಲು ಹಿಡಿದು, ಆಲಿಕೆಯ ಮೂಲಕ ಗುಳ್ಳೆಗಳನ್ನು ಒಳಕ್ಕೆ ಬಿಡಿ. ಮುಕ್ಕಾಲು ಭಾಗ ಅನಿಲವಾದ ಕೂಡಲೇ ನೀರಿನೊಳಗೇ ಮುಚ್ಚಳ ಬಿಗಿದು, ಬಾಟಲಿಯನ್ನು ತಲೆಕೆಳಗಾಗಿಯೇ ಇಟ್ಟು ಸಾಗಿಸಿ. ಆಗ ಉಳಿದ ಉಪ್ಪುನೀರೇ ಮುಚ್ಚಳದ ಹತ್ತಿರ ನಿಂತು ಅನಿಲ ಸೋರದಂತೆ ಕಾಯುತ್ತದೆ, ಬ್ಯಾಕ್ಟೀರಿಯಾಗಳೂ ಸುಮ್ಮನಿರುತ್ತವೆ. ಒಂದು ಬಾಯಿಂದ ಒಂದಕ್ಕಿಂತ ಹೆಚ್ಚು ಬಾಟಲಿ ತುಂಬಿಸಿ. ಸಿಗರೇಟು, ಬೆಂಕಿಕಡ್ಡಿ ವಾಹನದಲ್ಲೇ ಉಳಿಯಲಿ. ಹೊಂಡದ ಅಂಚು ಗಟ್ಟಿಯಾಗಿ ಕಂಡರೂ ಒಳಗೆ ಪೊಳ್ಳಿರುತ್ತದೆ. ಹಲಗೆ ಹಾಕದೆ, ಜೊತೆಯವರಿಲ್ಲದೆ ಹೆಜ್ಜೆ ಇಡಬೇಡಿ.

ನೀರನ್ನು ಅಗಲವಾದ ಹೊಂಡದಿಂದ ತೆಗೆಯಬಾರದು. ಗೊಬುಸ್ತಾನಿನ ಬೇಸಿಗೆ ಒಣ ಬೇಸಿಗೆ. ಹೊಂಡದ ನೀರು ಆವಿಯಾಗಿ ಹಗುರ ಆಮ್ಲಜನಕ ಹಾರಿಹೋಗಿರುತ್ತದೆ, ಉಳಿದ ನೀರು ಆಳದ ನೀರಿನ ವೇಷ ಹಾಕಿಕೊಳ್ಳುತ್ತದೆ. ಬಾಯಿ ಚಿಕ್ಕದಾದ, ಸತತವಾಗಿ ಉಕ್ಕುವ ಶಂಕುವಿನಿಂದ ಕೆಸರನ್ನೇ ತುಂಬಿಕೊಳ್ಳಿ. ಅದು ಕೆಳಗೆ ಕೂತ ಮೇಲೆ, ಇಲ್ಲವೇ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿದ ಮೇಲೆ, 0.45 ಮೈಕ್ರಾನ್ ಶೋಧಕದಲ್ಲಿ ಸೋಸಿ. ಒಂದು ಪಾಲಿಗೆ ನೈಟ್ರಿಕ್ ಆಮ್ಲದ ಹನಿ ಹಾಕಿ ಲೋಹಗಳ ಪರೀಕ್ಷೆಗೆ ಇಡಿ, ಇನ್ನೊಂದು ಪಾಲನ್ನು ಹಾಗೆಯೇ ಇಡಿ. ಬಾಟಲಿ ಪಾಲಿಥೀನಿನದಾಗಿರಲಿ. ಪ್ರಯೋಗಾಲಯದ ಸಾಮಾನ್ಯ ಗಾಜಿನಲ್ಲಿ ಬೋರಾನ್ ಇರುತ್ತದೆ, ನಾವು ಈ ನೀರಿನಲ್ಲಿ ಹುಡುಕುವ ಮುಖ್ಯ ಧಾತುಗಳಲ್ಲಿ ಬೋರಾನ್ ಒಂದು. ಕಲ್ಲಿಗೆ ಪ್ಲಾಸ್ಟಿಕ್ ಬೇಡ, ನೀರಿಗೆ ಗಾಜು ಬೇಡ: ಹೊರಡುವ ಮುನ್ನ ಪೆಟ್ಟಿಗೆಯ ಮೇಲೆ ಇದನ್ನು ಬರೆದು ಅಂಟಿಸಿ.

ಹೊಂಡದ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಕಂಡಾಗ ಎಣ್ಣೆ ಸಿಕ್ಕಿತೆಂದು ಹಿಗ್ಗಬೇಡಿ. ಕಬ್ಬಿಣ ತಿನ್ನುವ ಬ್ಯಾಕ್ಟೀರಿಯಾಗಳೂ ಅಂಥದೇ ಪೊರೆ ಕಟ್ಟುತ್ತವೆ. ಕಡ್ಡಿಯಿಂದ ಒಮ್ಮೆ ಕಲಕಿ ನೋಡಿ. ಬ್ಯಾಕ್ಟೀರಿಯಾದ ಪೊರೆ ಚೂಪು ಅಂಚಿನ ಚೂರುಗಳಾಗಿ ಒಡೆದು ಹಾಗೇ ತೇಲುತ್ತದೆ. ಎಣ್ಣೆ ಕಡ್ಡಿಯ ಹಿಂದೆಯೇ ಸುತ್ತಿಕೊಂಡು ಮತ್ತೆ ಕೂಡಿಕೊಳ್ಳುತ್ತದೆ. ಎಣ್ಣೆಯೇ ಆದರೆ ಟೆಫ್ಲಾನ್ ಬಲೆಯಲ್ಲಿ ಎತ್ತಿ ಗಾಜಿನ ಸೀಸೆಗೆ ಹಾಕಿ, ತಂಪಾಗಿಡಿ.

ಕಲ್ಲಿನ ಅಂಕಿಗಳನ್ನು ಓದುವುದು

ಮೊದಲು ಒಟ್ಟು ಸಾವಯವ ಇಂಗಾಲ ಮತ್ತು ರಾಕ್-ಇವ್ಯಾಲ್ ಪರೀಕ್ಷೆ. ರಾಕ್-ಇವ್ಯಾಲ್‌ನಲ್ಲಿ ಕಲ್ಲಿನ ಪುಡಿಯನ್ನು ಆಮ್ಲಜನಕವಿಲ್ಲದೆ ಕಾಯಿಸುತ್ತಾ ಹೋಗುತ್ತಾರೆ. ಮೊದಲು ಹೊರಬರುವುದು ಆಗಲೇ ಇರುವ ಎಣ್ಣೆ, ಅದು ಎಸ್-1. ಆಮೇಲೆ ಕಲ್ಲು ಇನ್ನೂ ಕೊಡಬಲ್ಲ ಎಣ್ಣೆ ಮತ್ತು ಅನಿಲ, ಅದು ಎಸ್-2. ಎಸ್-2 ಅತಿ ಹೆಚ್ಚಾಗಿ ಬರುವ ಉಷ್ಣತೆ ಟೀ-ಮ್ಯಾಕ್ಸ್. ಇಂಗಾಲ ಶೇ 1ಕ್ಕಿಂತ ಕಡಿಮೆ ಇದ್ದರೆ ಆಸಕ್ತಿ ಬೇಡ. ಶೇ 2 ದಾಟಿ, ಎಸ್-2 ಗ್ರಾಮಿಗೆ 5 ಮಿಲಿಗ್ರಾಮ್ ಮೀರಿದರೆ ಒಳ್ಳೆಯ ಮೂಲಶಿಲೆ. ಎಸ್-2ನ್ನು ಇಂಗಾಲಕ್ಕೆ ಹೋಲಿಸಿದರೆ ಸಿಗುವ ಹೈಡ್ರೋಜನ್ ಸೂಚ್ಯಂಕ 300 ದಾಟಿದರೆ ಎಣ್ಣೆ ಕೊಡುವ ಕಲ್ಲು, 200ರ ಕೆಳಗೆ ಬಂದಂತೆ ಅನಿಲದ ಕಡೆ ವಾಲುತ್ತದೆ. ಟೀ-ಮ್ಯಾಕ್ಸ್ 435 ಡಿಗ್ರಿ ದಾಟಿದರೆ ಕಲ್ಲು ಎಣ್ಣೆ ಬಿಡುವಷ್ಟು ಬೆಂದಿದೆ ಎಂದರ್ಥ.

ಹೊಸಬರು ಮುಗ್ಗರಿಸುವುದು ಇಲ್ಲಿಯೇ. ಅಜರ್‌ಬೈಜಾನಿನ ಕೆಸರಿನ ಕಲ್ಲುಗಳಲ್ಲಿ ಟೀ-ಮ್ಯಾಕ್ಸ್ ಸಾಮಾನ್ಯವಾಗಿ 435ರ ಕೆಳಗೇ ಇರುತ್ತದೆ. ಅದನ್ನು ನೋಡಿ ‘ಮೂಲಶಿಲೆ ಬೆಂದಿಲ್ಲ, ಇಲ್ಲಿ ಎಣ್ಣೆ ಹುಟ್ಟಿಲ್ಲ’ ಎಂದು ಬರೆದರೆ, ಪಕ್ಕದಲ್ಲೇ ಶತಮಾನದಿಂದ ಎಣ್ಣೆ ಎತ್ತುತ್ತಿರುವ ಬಾವಿಗಳು ನಿಮ್ಮ ವರದಿಯನ್ನು ಸುಳ್ಳಾಗಿಸುತ್ತವೆ. ಕಾರಣ ಸರಳ. ಜ್ವಾಲಾಮುಖಿ ಬಾಯಿ ತೆರೆಯುವುದು ಮೇಲಕ್ಕೆ ಬಾಗಿದ ಪದರಗಳ ನೆತ್ತಿಯಲ್ಲಿ. ಅಲ್ಲಿ ಮೈಕೋಪ್ ಮೇಲೆತ್ತಿ ನಿಂತಿದೆ, ಹೆಚ್ಚು ಬಿಸಿ ಕಂಡಿಲ್ಲ. ಅದೇ ಪದರ ಪಕ್ಕದ ತಗ್ಗಿನಲ್ಲಿ ಹಲವು ಕಿಲೋಮೀಟರ್ ಕೆಳಗಿದೆ, ಎಣ್ಣೆ ಹುಟ್ಟುವುದು ಅಲ್ಲಿ. ಕಿಲೋಮೀಟರಿಗೆ 16 ಡಿಗ್ರಿ, ನೆಲದ ಮೇಲೆ 15 ಡಿಗ್ರಿ ಎಂದುಕೊಂಡರೆ 100ರಿಂದ 120 ಡಿಗ್ರಿ ಮುಟ್ಟಲು ಸುಮಾರು ಐದೂಕಾಲಿನಿಂದ ಆರೂವರೆ ಕಿಲೋಮೀಟರ್ ಇಳಿಯಬೇಕು. ಆದ್ದರಿಂದ ಬೇಯದ ತುಂಡು ನಮಗೆ ವರವೇ ಸರಿ: ಮೂಲಶಿಲೆ ಬೇಯುವ ಮೊದಲು ಎಷ್ಟು ಶ್ರೀಮಂತವಾಗಿತ್ತು ಎಂಬುದನ್ನು ಅದು ಏನೂ ಕಳೆದುಕೊಳ್ಳದೆ ತೋರಿಸುತ್ತದೆ. ಎಷ್ಟು ಬೆಂದಿದೆ ಎಂಬ ಪ್ರಶ್ನೆಯನ್ನು ಅನಿಲಕ್ಕೂ ಎಣ್ಣೆಗೂ ಕೇಳಬೇಕು.

ಎಸ್-1 ಹೆಚ್ಚಿದ್ದು ಟೀ-ಮ್ಯಾಕ್ಸ್ ಕಡಿಮೆ ಇದ್ದರೆ ಕಲ್ಲಿಗೆ ಹೊರಗಿನ ಎಣ್ಣೆ ನೆನೆದಿದೆ. ದ್ರಾವಕದಲ್ಲಿ ತೊಳೆದು ಮತ್ತೊಮ್ಮೆ ಪರೀಕ್ಷೆ ಮಾಡಿಸಿ.

ಅನಿಲ ಹೇಳುವುದು

ಮೀಥೇನ್ ಎರಡು ದಾರಿಯಲ್ಲಿ ಹುಟ್ಟುತ್ತದೆ: ಕಡಿಮೆ ಆಳದಲ್ಲಿ ಸೂಕ್ಷ್ಮಜೀವಿಗಳಿಂದ, ಹೆಚ್ಚು ಆಳದಲ್ಲಿ ಬಿಸಿಯಿಂದ. ಜೀವಿಗಳ ಮೀಥೇನ್‌ನಲ್ಲಿ ಭಾರದ ಇಂಗಾಲ-13 ಕಡಿಮೆ; ಡೆಲ್ಟಾ ಅಂಕಿ (ಪ್ರಮಾಣಿತ ಮಾದರಿಗಿಂತ ಅದು ಎಷ್ಟು ಹೆಚ್ಚು ಕಡಿಮೆ ಎಂಬ ಅಳತೆ) ಸಾಮಾನ್ಯವಾಗಿ ಸಾವಿರಕ್ಕೆ ಮೈನಸ್ 60ಕ್ಕಿಂತ ಕೆಳಗೆ. ಬಿಸಿಯ ಮೀಥೇನ್ ಮೈನಸ್ 50ರಿಂದ ಮೇಲಕ್ಕೆ. ಅಜರ್‌ಬೈಜಾನಿನ ಬಹುತೇಕ ಬಾಯಿಗಳ ಅನಿಲ ಈ ಎರಡನೇ ಗುಂಪಿಗೆ ಸೇರುತ್ತದೆ. ಜರ್ಮನಿಯ ಸ್ಟಾಲ್ 1970ರ ದಶಕದಲ್ಲಿ ಕೊಟ್ಟ ಸೂತ್ರವೊಂದು ಇನ್ನೂ ಬಳಕೆಯಲ್ಲಿದೆ: ಸಮುದ್ರಮೂಲದ ಸಾವಯವಕ್ಕೆ, ವಿಟ್ರಿನೈಟ್ ಪ್ರತಿಫಲನದ (ಕಲ್ಲಿನೊಳಗಿನ ಗಿಡದ ಚೂರು ಶೇಕಡಾ ಎಷ್ಟು ಬೆಳಕನ್ನು ಹಿಂದಿರುಗಿಸುತ್ತದೆ ಎಂಬ, ಕಲ್ಲು ಬೆಂದ ಮಟ್ಟದ ಅಳತೆಯ) ಲಾಗರಿದಮ್ ಅನ್ನು 17ರಿಂದ ಗುಣಿಸಿ 42 ಕಳೆದರೆ ಮೀಥೇನ್‌ನ ಡೆಲ್ಟಾ ಅಂಕಿ ಬರುತ್ತದೆ. ತಿರುಗಿಸಿ ಹಾಕಿ ನೋಡಿ. ಮೈನಸ್ 45 ಬಂದಿದ್ದರೆ ಪ್ರತಿಫಲನ ಸುಮಾರು ಶೇ 0.67, ಅಂದರೆ ಎಣ್ಣೆ ಹುಟ್ಟುವ ಹಂತದ ಶುರು. ಆದರೆ ಜೀವಿಗಳ ಅನಿಲ ಬೆರೆತಿದ್ದರೆ ಈ ಲೆಕ್ಕ ನಿಲ್ಲುವುದಿಲ್ಲ. ಈಥೇನ್‌ನ ಐಸೊಟೋಪ್ (ಇದೇ ಇಂಗಾಲ-13ರ ಡೆಲ್ಟಾ ಅಂಕಿ) ಕೂಡ ಅಳೆಯಿಸಿದರೆ ಬೆರಕೆ ಬಯಲಾಗುತ್ತದೆ.

ಪಠ್ಯಪುಸ್ತಕದ ನಕ್ಷೆಯಲ್ಲಿ ಮೀಥೇನ್‌ಗೂ ಈಥೇನ್-ಪ್ರೊಪೇನ್‌ಗೂ ಇರುವ ಅನುಪಾತ 100ರ ಕೆಳಗಿದ್ದರೆ ಬಿಸಿಯ ಅನಿಲ, 1000ದ ಮೇಲಿದ್ದರೆ ಜೀವಿಗಳ ಅನಿಲ ಎಂದಿರುತ್ತದೆ. ಕೆಸರು ಜ್ವಾಲಾಮುಖಿಗೆ ಇದನ್ನು ಹಾಗೆಯೇ ಅನ್ವಯಿಸಬೇಡಿ. ಮೇಲೇರುವ ದಾರಿಯಲ್ಲಿ ಈಥೇನ್, ಪ್ರೊಪೇನ್ ಹಿಂದುಳಿದು ಮೀಥೇನ್ ಮುಂದೆ ಓಡುತ್ತದೆ. ಕೆಳಗಿನ ಸಂಗ್ರಹದಲ್ಲಿ ಎಣ್ಣೆಯ ಜೊತೆಗಿರುವ ಹಸಿ ಅನಿಲ, ಬಾಯಿಗೆ ಬರುವಾಗ ಒಣ ಅನಿಲವಾಗಿರುತ್ತದೆ. ಅನುಪಾತಕ್ಕೂ ಐಸೊಟೋಪ್‌ಗೂ ಜಗಳ ಬಂದರೆ ನಾನು ಐಸೊಟೋಪ್‌ನ ಪಕ್ಷ.

ಇಂಗಾಲದ ಡೈಆಕ್ಸೈಡ್ ಅನ್ನು ಎಷ್ಟೋ ಜನ ಅಳೆಯುವುದೇ ಇಲ್ಲ. ನನಗೆ ಅದು ಬಹಳ ಪ್ರಿಯವಾದ ಸುಳಿವು. ಅದರ ಡೆಲ್ಟಾ ಅಂಕಿ ಪ್ಲಸ್ 10 ಮೀರಿದರೆ, ಬಾಯಿಯ ಕೆಳಗೆ ಎಲ್ಲೋ ಜೀವಿಗಳು ಎಣ್ಣೆಯನ್ನು ತಿಂದು, ಉಳಿದ ಡೈಆಕ್ಸೈಡಿನಿಂದ ಹೊಸ ಮೀಥೇನ್ ಮಾಡಿವೆ ಎಂದರ್ಥ. 80 ಡಿಗ್ರಿಗಿಂತ ಬಿಸಿಯಾದಲ್ಲಿ ಈ ಜೀವಿಗಳು ಬದುಕುವುದಿಲ್ಲ. ಹಾಗಾದರೆ ಅಷ್ಟು ತಣ್ಣಗಿರುವ ಆಳದಲ್ಲಿ ನಿಜವಾಗಿಯೂ ಎಣ್ಣೆ ಸೇರಿತ್ತು, ಆದರೆ ಸ್ವಲ್ಪವಾದರೂ ಭಾರವಾಗಿದೆ. ಎಣ್ಣೆಯ ಹನಿಯೂ ಕಾಣದ ಬಾಯಲ್ಲಿ ಅನಿಲವೊಂದರಿಂದಲೇ ಇಷ್ಟು ತಿಳಿಯಬಹುದು.

ನೀರಿನ ಥರ್ಮಾಮೀಟರ್

ಜೇಡಿ ಬಿಸಿಯಾದಾಗ ಸ್ಮೆಕ್ಟೈಟ್ ಖನಿಜ ಇಲ್ಲೈಟ್ ಆಗುತ್ತದೆ, ತನ್ನೊಳಗಿನ ಸಿಹಿನೀರನ್ನು ಬಿಡುತ್ತದೆ. ಆಮ್ಲಜನಕ-18 ಹೆಚ್ಚಿ, ಉಪ್ಪು ಸಮುದ್ರಕ್ಕಿಂತ ಕಡಿಮೆಯಾಗಿ, ಬೋರಾನ್ ಮತ್ತು ಲೀಥಿಯಮ್ ಏರಿದ್ದರೆ ಅದು ಈ ನೀರು. ಎಷ್ಟು ಬಿಸಿಯಲ್ಲಿತ್ತು ಎಂದು ತಿಳಿಯಲು ಮೆಗ್ನೀಸಿಯಮ್-ಲೀಥಿಯಮ್ ಸೂತ್ರವಿದೆ. ಲೀಟರಿಗೆ ಮೆಗ್ನೀಸಿಯಮ್ 100 ಮಿಲಿಗ್ರಾಮ್, ಲೀಥಿಯಮ್ 1 ಮಿಲಿಗ್ರಾಮ್ ಎಂದಿಟ್ಟುಕೊಳ್ಳಿ. ಮೆಗ್ನೀಸಿಯಮ್‌ನ ವರ್ಗಮೂಲ 10, ಲೀಥಿಯಮ್‌ನಿಂದ ಭಾಗಿಸಿದರೆ 10, ಲಾಗರಿದಮ್ 1, ಅದಕ್ಕೆ 5.47 ಕೂಡಿಸಿ 6.47. ಈಗ 2200ನ್ನು 6.47ರಿಂದ ಭಾಗಿಸಿ 273 ಕಳೆದರೆ 67 ಡಿಗ್ರಿ. ಇಲ್ಲಿನ ತಣ್ಣನೆಯ ಕೊಳ್ಳದಲ್ಲಿ ಇದು ಸುಮಾರು ಮೂರೂಕಾಲು ಕಿಲೋಮೀಟರ್ ಆಳ. ಬೇರೆ ಕೊಳ್ಳದ 30 ಡಿಗ್ರಿಯ ಏರಿಕೆ ಹಿಡಿದರೆ ಒಂದೂಮುಕ್ಕಾಲು ಕಿಲೋಮೀಟರ್ ಅಷ್ಟೇ. ಈ ಆಳ ಕೆಸರಿನ ಬೇರಿನದು, ಮೂಲಶಿಲೆ ಬೇಯುವ ‘ಅಡುಗೆಮನೆ’ಯದಲ್ಲ. ಇವೆರಡನ್ನು ಒಂದು ಮಾಡಿದ ವರದಿಗಳನ್ನು ನಾನು ಓದಿದ್ದೇನೆ, ಓದಿದಾಗಲೆಲ್ಲ ಸಂಕಟವಾಗಿದೆ.

ಎಣ್ಣೆಯನ್ನು ಕಲ್ಲಿಗೆ ಜೋಡಿಸುವುದು

ಎಣ್ಣೆ ಸಿಕ್ಕಿದ್ದರೆ ಅದೇ ನಿಜವಾದ ಸಾಕ್ಷಿ. ಜೈವಿಕ ಗುರುತಿನ ಅಣುಗಳಲ್ಲಿ ಓಲಿಯನೇನ್ ಕಂಡರೆ ಹೂಬಿಡುವ ಗಿಡಗಳ ಕಾಲದ, ಅಂದರೆ ಕ್ರಿಟೇಷಸ್ ಅಥವಾ ಅದರ ಈಚಿನ ಮೂಲಶಿಲೆ. ಸ್ಟೆರೇನ್‌ಗಳಲ್ಲಿ 27, 28, 29 ಇಂಗಾಲದ ಅಣುಗಳ ಪಾಲು ನೋಡಿದರೆ ಪಾಚಿಯದೆಷ್ಟು, ನೆಲದ ಗಿಡದ್ದೆಷ್ಟು ಎಂಬ ಅಂದಾಜು ಸಿಗುತ್ತದೆ. ಇದೇ ಪರೀಕ್ಷೆಯನ್ನು ಮೈಕೋಪ್ ಮತ್ತು ಡಯಾಟಮ್ ತುಂಡುಗಳ ದ್ರಾವಕ ಸಾರಕ್ಕೂ ಮಾಡಿಸಿ, ಪಕ್ಕಪಕ್ಕದಲ್ಲಿಟ್ಟು ಹೋಲಿಸಿ. ಎರಡೂ ಪರೀಕ್ಷೆ ಒಂದೇ ಪ್ರಯೋಗಾಲಯದಲ್ಲಿ, ಒಂದೇ ಯಂತ್ರದಲ್ಲಿ ಆಗಲಿ. 25-ನಾರ್‌ಹೋಪೇನ್ ಕಂಡರೆ ಎಣ್ಣೆ ಬಹಳವಾಗಿ ಜೀವಿಗಳ ಬಾಯಿಗೆ ಬಿದ್ದಿದೆ. ಡೈಆಕ್ಸೈಡ್ ಹೇಳಿದ್ದಕ್ಕೆ ಇದು ಹೊಂದುತ್ತದೆಯೇ ಎಂದು ತಾಳೆ ನೋಡಿ.

ವರದಿಯಲ್ಲಿ ಏನು ಬರೆಯಬಹುದು, ಏನು ಬರೆಯಬಾರದು

ಮೂಲಶಿಲೆ ಇದೆಯೇ, ಎಷ್ಟು ಶ್ರೀಮಂತ, ಬೆಂದಿದೆಯೇ, ಎಣ್ಣೆ ಹೊರಟು ಎಲ್ಲಾದರೂ ಸೇರಿದೆಯೇ: ಈ ನಾಲ್ಕಕ್ಕೆ ಕೆಸರು ಉತ್ತರ ಕೊಡುತ್ತದೆ. ಎಷ್ಟು ಬ್ಯಾರೆಲ್ ಎಂಬುದಕ್ಕೆ ಕೊಡುವುದಿಲ್ಲ. ಕೇಳಿದರೂ ನೀವು ಅಂಕಿ ಕೊಡಬೇಡಿ. ಅದಕ್ಕೆ ಭೂಕಂಪನ ಸಮೀಕ್ಷೆ ಬೇಕು, ಬಾವಿ ಬೇಕು. ನೆತ್ತಿಯಲ್ಲಿ ಜ್ವಾಲಾಮುಖಿ ಇದೆ, ಹಾಗಾಗಿ ಎಣ್ಣೆಯೆಲ್ಲ ಸೋರಿಹೋಗಿದೆ ಎಂಬ ತೀರ್ಮಾನಕ್ಕೂ ಅವಸರ ಬೇಡ. 1999ರಲ್ಲಿ ಪತ್ತೆಯಾದ ಶಾಹ್ ದೆನಿಜ್ ಅನಿಲ ಕ್ಷೇತ್ರದ ರಚನೆಯ ಮೇಲೆ ಕೆಸರು ಜ್ವಾಲಾಮುಖಿ ಇದೆ, ಲೋಕ್‌ಬಾತಾನ್ ಸ್ವತಃ ತೈಲ ಕ್ಷೇತ್ರ. ಕೊರೆಯುವವರಿಗೆ ಮಾತ್ರ ಒತ್ತಡದ ಎಚ್ಚರಿಕೆಯನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. 2021ರ ಜುಲೈ 4ರಂದು ಉಮಿದ್ ಅನಿಲ ಕ್ಷೇತ್ರದ ಹತ್ತಿರದ ದಾಶ್ಲಿ ದ್ವೀಪದ ಜ್ವಾಲಾಮುಖಿ ಸಿಡಿದಾಗ, ರಾತ್ರಿಯ ಬೆಂಕಿ ಕಂಡ ಜನ ಯಾವುದೋ ತೈಲ ವೇದಿಕೆಯೇ ಹೊತ್ತಿಕೊಂಡಿತೆಂದು ಗಾಬರಿಯಾಗಿದ್ದರು.

ಭಾರತದಲ್ಲೇ ಅಭ್ಯಾಸ ಮಾಡಬೇಕೆನ್ನುವವರಿಗೆ ಅಂಡಮಾನಿನ ಬಾರಾಟಾಂಗ್ ದ್ವೀಪವಿದೆ. ಬಾಯಿಗಳು ಚಿಕ್ಕವು, ಆದರೆ ಮೇಲಿನ ಹೆಜ್ಜೆಗಳೆಲ್ಲ ಅಲ್ಲಿಗೂ ಸಲ್ಲುತ್ತವೆ. ಅದು ಒಂದು ಭೂಫಲಕ ಇನ್ನೊಂದರ ಕೆಳಗೆ ನುಗ್ಗುವ ಜಾಗದಲ್ಲಿ ಕೆರೆದು ಒಟ್ಟಿದ ಕೆಸರು. ಹಾಗಾಗಿ ಕ್ಯಾಸ್ಪಿಯನ್ನಿನ 16 ಡಿಗ್ರಿಯನ್ನು ಅಲ್ಲಿಗೆ ಒಯ್ಯದೆ, ಆ ಭಾಗದ ಬಾವಿಗಳ ಉಷ್ಣತೆಯನ್ನು ಹುಡುಕಿಕೊಂಡು ಲೆಕ್ಕವನ್ನು ಹೊಸದಾಗಿ ಮಾಡಿ. ಶ್ರೀ ವಿಜಯ ಪುರಂ (ಹಿಂದಿನ ಪೋರ್ಟ್ ಬ್ಲೇರ್) ಕಡೆಯಿಂದ ಹೋಗುವ ರಸ್ತೆ ಜಾರವಾ ಮೀಸಲು ಪ್ರದೇಶದ ಮೂಲಕ ಹಾದುಹೋಗುತ್ತದೆ. ವಾಹನಗಳನ್ನು ಗುಂಪಾಗಿ ನಿಗದಿತ ಹೊತ್ತಿಗೆ ಮಾತ್ರ ಬಿಡುತ್ತಾರೆ. ಮಾದರಿ ತೆಗೆಯಲು ಬೇಕಾದ ಅನುಮತಿಗೆ ಪ್ರಯಾಣದ ಟಿಕೆಟ್ ಕೊಳ್ಳುವ ಮೊದಲೇ ಅರ್ಜಿ ಹಾಕಿ.